ಮ್ಯಾಡ್ರಿಡ್‌ನ ರೈನಾ ಸೋಫಿಯಾ ಮ್ಯೂಸಿಯಂ: ‘ಗೆರ್ನಿಕಾ’ವನ್ನು ಎರಡು ಸಲ ನೋಡಿ

ರೈನಾ ಸೋಫಿಯಾಕ್ಕೆ ಬರುವವರಲ್ಲಿ ಬಹಳಷ್ಟು ಜನ ಸೀದಾ ಎರಡನೇ ಮಹಡಿಗೆ ಹತ್ತುತ್ತಾರೆ, 205.10 ಎಂಬ ಕೊಠಡಿ ಹುಡುಕುತ್ತಾರೆ, ಪಿಕಾಸೊನ ‘ಗೆರ್ನಿಕಾ’ದ ಎದುರು ಒಂದೆರಡು ಫೋಟೊ ತೆಗೆದು ಇಳಿದುಬಿಡುತ್ತಾರೆ. ಅಷ್ಟಕ್ಕೇ ಆದರೆ 12 ಯೂರೊ ತೆರುವ ಅಗತ್ಯವಿಲ್ಲ. ಈ ಮ್ಯೂಸಿಯಂನ ಬೆಲೆ ಇರುವುದು ಆ ಚಿತ್ರದ ಸುತ್ತಲಿನ ಕೊಠಡಿಗಳಲ್ಲಿ. ಪತ್ರಿಕೆಯಲ್ಲಿ ಬಂದ ಒಂದು ಬಾಂಬ್ ದಾಳಿಯ ಸುದ್ದಿ ಐದು ವಾರದೊಳಗೆ ಗೋಡೆಯಷ್ಟು ದೊಡ್ಡ ಚಿತ್ರವಾಗುವಾಗ ಕಲಾವಿದ ಏನನ್ನು ಇಟ್ಟುಕೊಂಡ, ಏನನ್ನು ಅಳಿಸಿ ಹಾಕಿದ ಎಂಬುದು ಇಲ್ಲಿ ದಿನಾಂಕದ ಸಮೇತ ಕಣ್ಣಿಗೆ ಬೀಳುತ್ತದೆ. ಆಧುನಿಕ ಚಿತ್ರಕಲೆ ಯುದ್ಧವನ್ನು ಹೇಗೆ ಎದುರಿಸಿತು ಎಂದು ತಿಳಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೆ ಪಾಠವನ್ನು ಯಾವ ಕ್ರಮದಲ್ಲಿ ಓದಬೇಕೆಂದು ಮ್ಯೂಸಿಯಂ ನಿಮ್ಮ ಕೈಹಿಡಿದು ಹೇಳುವುದಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ವೇಳೆಯ ಮಾತು. ಮ್ಯೂಸಿಯಂಗೆ ಮಂಗಳವಾರ ರಜೆ. ಸೋಮವಾರ ಮತ್ತು ಬುಧವಾರದಿಂದ ಶನಿವಾರದವರೆಗೆ ಬೆಳಿಗ್ಗೆ 10ರಿಂದ ರಾತ್ರಿ 9ರವರೆಗೆ, ಭಾನುವಾರ ಮಧ್ಯಾಹ್ನ 2.30ರವರೆಗೆ ತೆರೆದಿರುತ್ತದೆ. ವಾರದ ದಿನಗಳಲ್ಲಿ ಸಂಜೆ 7ರಿಂದ 9ರವರೆಗೆ ಉಚಿತ. ಉಚಿತ ಎಂದ ಮೇಲೆ ಜನ ತುಂಬುತ್ತಾರೆ; ಆ ಎರಡು ಗಂಟೆಯಲ್ಲಿ ‘ಗೆರ್ನಿಕಾ’ದ ಕೆಳಗಿನ ಅರ್ಧ ಕಾಣುವುದೇ ಕಷ್ಟ. ಆ ಚಿತ್ರದಲ್ಲಿ ಕೆಳಗಿನ ಅರ್ಧವೇ ಮುಖ್ಯ. ದುಡ್ಡು ಕೊಟ್ಟು ಬೆಳಿಗ್ಗೆ 10ಕ್ಕೆ ಬಾಗಿಲು ತೆರೆಯುವಾಗ ಹೋಗುವುದು ಒಳ್ಳೆಯದು. ದರ, ವೇಳೆ ಎರಡೂ ಬದಲಾಗುವಂಥವು, ಹೊರಡುವ ಮುನ್ನ ಮ್ಯೂಸಿಯಂನ ಜಾಲತಾಣದಲ್ಲಿ ನೋಡಿಕೊಳ್ಳಿ. ಅಟೋಚಾ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಚಿತ್ರ ಇರುವುದು ಹಳೆಯ ಸಬಾತೀನಿ ಕಟ್ಟಡದಲ್ಲಿ. 18ನೇ ಶತಮಾನದಲ್ಲಿ ಆಸ್ಪತ್ರೆಯಾಗಿ ಕಟ್ಟಿದ್ದು ಅದು. ಹೊರಗೋಡೆಗೆ ಅಂಟಿಕೊಂಡ ಗಾಜಿನ ಲಿಫ್ಟ್ ಎರಡನೇ ಮಹಡಿಗೆ ಬಿಡುತ್ತದೆ. 2005ರಲ್ಲಿ ಸೇರಿದ ಕೆಂಪು ಚಾವಣಿಯ ನೂವೆಲ್ ಕಟ್ಟಡದ ಕಡೆಯಿಂದ ಒಳಹೊಕ್ಕರೆ ಸುತ್ತು ಹೆಚ್ಚು.

ಲಿಫ್ಟ್ ಹತ್ತುವ ಮುನ್ನ ಅಂಗಳದಲ್ಲಿರುವ ಎತ್ತರದ ಶಿಲ್ಪದ ಹತ್ತಿರ ಎರಡು ನಿಮಿಷ ನಿಲ್ಲಿ. ಮೇಲಕ್ಕೆ ತಿರುಚಿಕೊಂಡು ಹೋಗುವ ಆ ಕಂಬ ಆಲ್ಬೆರ್ಟೊ ಸಾಂಚೆಸ್‌ನ ಕೃತಿಯ ಪ್ರತಿ. ಮೂಲ ಶಿಲ್ಪ 1937ರ ಪ್ಯಾರಿಸ್ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಸ್ಪೇನ್ ಗಣರಾಜ್ಯದ ಮಂಟಪದ ಮುಂದೆ ನಿಂತಿತ್ತು. ‘ಗೆರ್ನಿಕಾ’ ಬರೆದದ್ದೂ ಅದೇ ಮಂಟಪಕ್ಕಾಗಿ. ಚಿತ್ರ ಹುಟ್ಟಿದ ಜಾಗದ ಬಾಗಿಲಿನಿಂದಲೇ ಒಳಗೆ ಹೋದಂತಾಗುತ್ತದೆ.

ಹಿನ್ನೆಲೆಯನ್ನು ಇಷ್ಟು ತಿಳಿದುಕೊಂಡು ಹೋದರೆ ಸಾಕು. 1937ರ ಜನವರಿಯಲ್ಲಿ ಗಣರಾಜ್ಯ ಸರ್ಕಾರದ ಪ್ರತಿನಿಧಿಗಳು ಪ್ಯಾರಿಸ್ಸಿನಲ್ಲಿದ್ದ ಪಿಕಾಸೊನಿಗೆ ಮಂಟಪದ ದೊಡ್ಡ ಗೋಡೆಗೊಂದು ಚಿತ್ರ ಕೇಳಿದರು. ತಿಂಗಳುಗಟ್ಟಲೆ ಅದು ಮುಂದಕ್ಕೆ ಹೋಗಲಿಲ್ಲ. ಯೋಚಿಸುತ್ತಿದ್ದ ವಿಷಯ ಕಲಾವಿದ ಮತ್ತು ರೂಪದರ್ಶಿ. ಏಪ್ರಿಲ್ 26, ಸೋಮವಾರ, ಸಂತೆಯ ದಿನ. ಬಾಸ್ಕ್ ಸೀಮೆಯ ಗೆರ್ನಿಕಾ ಊರಿನ ಮೇಲೆ ಸಂಜೆ ನಾಲ್ಕೂವರೆಯ ಹೊತ್ತಿಗೆ ಶುರುವಾದ ದಾಳಿ ಮೂರು ಗಂಟೆಗೂ ಹೆಚ್ಚು ಕಾಲ ನಡೆಯಿತು. ಆಗ ನಡೆಯುತ್ತಿದ್ದ ಅಂತರ್ಯುದ್ಧದಲ್ಲಿ ಗಣರಾಜ್ಯದ ವಿರುದ್ಧ ದಂಗೆಯೆದ್ದಿದ್ದ ಸೇನಾನಿ ಫ್ರಾಂಕೊ ಪರವಾಗಿ ಬಂದ ಜರ್ಮನಿಯ ಕಾಂಡೋರ್ ಪಡೆ ಮತ್ತು ಇಟಲಿಯ ವಿಮಾನಗಳು ಸಿಡಿಯುವ ಬಾಂಬನ್ನೂ ಬೆಂಕಿಯ ಬಾಂಬನ್ನೂ ಸುರಿದವು. ಎರಡು ದಿನದಲ್ಲಿ ಸುದ್ದಿ ಲಂಡನ್, ನ್ಯೂಯಾರ್ಕ್, ಪ್ಯಾರಿಸ್ ಪತ್ರಿಕೆಗಳಲ್ಲಿತ್ತು. ಮೇ 1ರಂದು ಪಿಕಾಸೊ ಮೊದಲ ಕರಡುಗಳನ್ನು ಗೀಚಿದ. ಜೂನ್ ಮೊದಲ ವಾರದಲ್ಲಿ 349.3 ಸೆಂ.ಮೀ. ಎತ್ತರ, 776.6 ಸೆಂ.ಮೀ. ಅಗಲದ ಕ್ಯಾನ್ವಾಸ್ ಮುಗಿದಿತ್ತು. ಖರ್ಚಿಗೆಂದು ಸರ್ಕಾರ ಕೊಟ್ಟದ್ದು 1,50,000 ಫ್ರಾಂಕ್. ಆ ಹಣ ಪಾವತಿಯಾದ ದಾಖಲೆ ಉಳಿದಿತ್ತು. ಮುಂದೆ ಚಿತ್ರದ ಮೇಲೆ ಸ್ಪೇನ್ ಹಕ್ಕು ಸಾಧಿಸಿದಾಗ ಅದು ನೆರವಿಗೆ ಬಂತು.

ಈಗ ನೋಡುವ ಕ್ರಮ. ಬಾಗಿಲು ತೆರೆದ ತಕ್ಷಣ ಹೋದವರು ಮೊದಲು ದೊಡ್ಡ ಚಿತ್ರದ ಎದುರು ಹತ್ತು ನಿಮಿಷ ನಿಲ್ಲಿ, ಆಮೇಲೆ ಬೆನ್ನು ತಿರುಗಿಸಿ ಪಕ್ಕದ ಕೊಠಡಿಗಳಿಗೆ ಹೋಗಿ, ಕೊನೆಯಲ್ಲಿ ಮತ್ತೆ ಬನ್ನಿ. ಮೊದಲ ಸಲ ಏನನ್ನೂ ಗುರುತಿಸಲು ಹೋಗಬೇಡಿ. ಎರಡನೇ ಸಲ ಕಾಣುವುದು ಬೇರೆಯೇ ಚಿತ್ರ. ಒಂದೇ ಸಲ ಬಹಳ ಹೊತ್ತು ನಿಂತರೆ ಆಗುವುದೇನೆಂದರೆ, ಗೂಳಿ ಅಂದರೆ ಯಾರು, ಕುದುರೆ ಅಂದರೆ ಯಾರು ಎಂಬ ಒಗಟು ಬಿಡಿಸುವುದರಲ್ಲೇ ಹೊತ್ತು ಕಳೆದುಹೋಗುತ್ತದೆ. ಒಗಟಿನ ಉತ್ತರ ಸಿಕ್ಕರೂ ಚಿತ್ರ ದಕ್ಕುವುದಿಲ್ಲ.

ಒಗಟಿನ ಬದಲು ಒಂದು ಪ್ರಶ್ನೆ ಹಿಡಿದುಕೊಂಡು ತಿರುಗಿ: ಕೊಲ್ಲುವವನು ಈ ಚಿತ್ರದಲ್ಲಿ ಎಲ್ಲಿದ್ದಾನೆ? ಯುದ್ಧದ ಯಾವ ಚಿತ್ರಕ್ಕಾದರೂ ಇದನ್ನು ಕೇಳಬಹುದು. ಉತ್ತರ ಬದಲಾದ ಹಾಗೆಲ್ಲ ಚಿತ್ರದ ಕಟ್ಟಡವೇ ಬದಲಾಗುತ್ತದೆ.

ಈ ಪ್ರಶ್ನೆಯನ್ನು ಮೊದಲು ಹೊರಿಸಬೇಕಾದ್ದು ಒರಾಸಿಯೊ ಫೆರೆರ್‌ನ ‘ಮ್ಯಾಡ್ರಿಡ್ 1937, ಕಪ್ಪು ವಿಮಾನಗಳು’ ಚಿತ್ರದ ಮೇಲೆ. ಇದೂ ಇದೇ ಮ್ಯೂಸಿಯಂನ ಸಂಗ್ರಹದ್ದು. ಜೋಡಣೆ ಆಗಾಗ ಬದಲಾಗುವುದರಿಂದ ಯಾವ ಕೊಠಡಿಯಲ್ಲಿದೆ ಎಂದು ಕೇಳಿಕೊಳ್ಳಿ. ಇದೂ 1937ರದು, ಇದೂ ಅದೇ ಪ್ಯಾರಿಸ್ ಮಂಟಪದಲ್ಲಿ ತೂಗಿದ್ದು, ಇದರ ವಿಷಯವೂ ವಿಮಾನ ದಾಳಿ. ಮಕ್ಕಳನ್ನು ಅವುಚಿಕೊಂಡು ಓಡುವ ಹೆಂಗಸರು, ಆಕಾಶದ ಕಡೆ ಬಿಗಿದ ಮುಷ್ಟಿ, ಹಿಂದೆ ಹೊಗೆ. ಎಲ್ಲವೂ ಕಣ್ಣಿಗೆ ಕಟ್ಟುವಂತಿದೆ, ಬರೆದ ಕೈ ಪಳಗಿದ್ದು. ಆದರೂ ಸ್ವಲ್ಪ ಹೊತ್ತು ನೋಡಿದರೆ ಆ ಹೆಂಗಸರು ರೂಪದರ್ಶಿಗಳ ಹಾಗೆ ನಿಂತಿದ್ದಾರೆ ಎನ್ನಿಸತೊಡಗುತ್ತದೆ. ಕೊಲ್ಲುವವನು ಚೌಕಟ್ಟಿನ ಆಚೆ, ಮೇಲೆ ಎಲ್ಲೋ ಇದ್ದಾನೆ. ಅವನಿಲ್ಲದ ಖಾಲಿ ಜಾಗವನ್ನು ಕಲಾವಿದ ಹಾವಭಾವದಿಂದ ತುಂಬಬೇಕಾಗಿದೆ. ಸಹಜ ಶೈಲಿಯ ಚಿತ್ರಕಲೆಗೆ ವಿಮಾನ ದಾಳಿ ತಂದಿಟ್ಟ ಕಷ್ಟ ಇದು. ಕತ್ತಿ ಎತ್ತಿದವನೂ ತಲೆ ಬಾಗಿಸಿದವನೂ ಒಂದೇ ಚೌಕಟ್ಟಿನಲ್ಲಿ ಇರುವವರೆಗೆ ಯುದ್ಧದ ಚಿತ್ರ ಬರೆಯುವ ಹಳೆಯ ದಾರಿ ನಡೆಯುತ್ತಿತ್ತು. ಕೊಲ್ಲುವವನು ಸಾವಿರಾರು ಅಡಿ ಮೇಲಕ್ಕೆ ಹೋದಾಗ ಚೌಕಟ್ಟಿನಲ್ಲಿ ಉಳಿದದ್ದು ಸಾಯುವವರು ಮಾತ್ರ.

ಇಲ್ಲಿಂದ ಪಿಕಾಸೊನ ಕರಡುಗಳಿಗೆ ಹೋಗಿ. ಇವೆಲ್ಲ ದಿನಾಂಕ ಹಾಕಿದವು, ಅನುಕ್ರಮದಲ್ಲಿ ನೋಡಬೇಕು. ಮೇ 1ರ ಪೆನ್ಸಿಲ್ ಗೀಚುಗಳಲ್ಲೇ ಗೂಳಿ, ಕುದುರೆ, ಕಿಟಕಿಯಿಂದ ದೀಪ ಹಿಡಿದು ಚಾಚಿದ ಕೈ ಬಂದಾಗಿದೆ. ಊರಿಲ್ಲ, ಬಾಂಬಿಲ್ಲ. ಆರಂಭದ ಒಂದು ಕರಡಿನಲ್ಲಿ ಕುದುರೆಯ ಗಾಯದಿಂದ ರೆಕ್ಕೆಯುಳ್ಳ ಪುಟ್ಟ ಕುದುರೆಯೊಂದು ಹೊರಬರುತ್ತಿದೆ. ಸಾವಿನಿಂದ ಆತ್ಮ ಹಾರಿಹೋಗುವ ಈ ಸಮಾಧಾನ ಮುಂದಿನ ಹಂತಗಳಲ್ಲಿ ಮಾಯ. ಸತ್ತ ಮಗುವನ್ನು ಹಿಡಿದು ಏಣಿ ಇಳಿಯುವ ತಾಯಿ ಇದ್ದಾಳೆ. ಏಣಿ ಹೋಯಿತು, ತಾಯಿ ಉಳಿದಳು. ಬಣ್ಣದ ಕ್ರೇಯಾನಿನಲ್ಲಿ ಬರೆದ ಅಳುವ ಮುಖಗಳೂ ಇವೆ. ಅವುಗಳ ಬಣ್ಣ ಕಣ್ಣಿಗೆ ರಾಚುತ್ತದೆ. ದೊಡ್ಡ ಚಿತ್ರದಲ್ಲಿ ಬಣ್ಣವೇ ಇಲ್ಲದಿರುವುದು ಯೋಚಿಸಿ ಮಾಡಿದ ತೀರ್ಮಾನ ಎಂದು ಇವನ್ನು ನೋಡಿದ ಮೇಲೆ ಖಚಿತವಾಗುತ್ತದೆ.

ಆಮೇಲೆ ಪಿಕಾಸೊನ ಆಗಿನ ಸಂಗಾತಿ ಡೋರಾ ಮಾರ್ ತೆಗೆದ ಫೋಟೊಗಳು. ಅವಳು ಸ್ವತಃ ಒಳ್ಳೆಯ ಕಲಾವಿದೆ, ಛಾಯಾಗ್ರಾಹಕಿ. ಗ್ರಾಂಜ್-ಒಗುಸ್ತ್ಯಾಂ ಬೀದಿಯ ಸ್ಟುಡಿಯೊದಲ್ಲಿ ಚಿತ್ರ ಬೆಳೆಯುತ್ತಿದ್ದಾಗ ಹಂತಹಂತವಾಗಿ ಸೆರೆಹಿಡಿದಳು. ಈ ಮ್ಯೂಸಿಯಂನಲ್ಲಿ ಒಂದೇ ಒಂದು ವಸ್ತುವಿಗೆ ಅರ್ಧ ಗಂಟೆ ಕೊಡಿ ಎಂದರೆ ನಾವು ತೋರಿಸುವುದು ಇವನ್ನೇ. ಮೊದಲ ಹಂತದಲ್ಲಿ ಸತ್ತು ಬಿದ್ದ ಯೋಧನ ತೋಳು ನೆಟ್ಟಗೆ ಮೇಲಕ್ಕೆ ಎದ್ದಿದೆ, ಮುಷ್ಟಿ ಬಿಗಿದಿದೆ. ಗಣರಾಜ್ಯದ ಪಕ್ಷದವರ ಸಲಾಮು ಅದು, ಆಗಿನ ಪೋಸ್ಟರುಗಳಲ್ಲೆಲ್ಲ ಕಾಣುತ್ತಿದ್ದದ್ದು. ಮುಂದಿನ ಹಂತದಲ್ಲಿ ಅದೇ ಮುಷ್ಟಿಗೆ ತೆನೆಯಂಥದ್ದೇನೋ ಬಂತು, ಹಿಂದೆ ದೊಡ್ಡ ಸೂರ್ಯ. ಅದರ ಮುಂದೆ ತೋಳೇ ಇಲ್ಲ. ಸೂರ್ಯ ಚಪ್ಪಟೆಯಾಗಿ ಕಣ್ಣಿನ ಆಕಾರವಾಯಿತು, ಕೊನೆಗೆ ಅದರೊಳಗೆ ವಿದ್ಯುತ್ ಬಲ್ಬ್ ಬಂದು ಕೂತಿತು. ಕೆಳಕ್ಕೆ ಜೋತಿದ್ದ ಕುದುರೆಯ ತಲೆ ಮೇಲೆದ್ದು ಚಿತ್ರದ ನಡುಮಧ್ಯಕ್ಕೆ ಬಂತು. ಗೂಳಿಯ ಮೈ ಎಡಕ್ಕೆ ತಿರುಗಿತು. ನಡುವೆ ಒಮ್ಮೆ ಗೋಡೆಗೆ ಅಂಟಿಸುವ ಬಣ್ಣದ ಕಾಗದದ ತುಂಡುಗಳನ್ನು ಕ್ಯಾನ್ವಾಸಿನ ಮೇಲೆ ಹಚ್ಚಿ ನೋಡಿ, ಅದನ್ನೂ ತೆಗೆದುಹಾಕಿದ್ದಾನೆ.

ಈ ಅಳಿಸುವಿಕೆಯೇ ಈ ಚಿತ್ರದ ಉತ್ತರ ಎಂದು ನಮಗೆ ಅನ್ನಿಸುತ್ತದೆ. ಮುಷ್ಟಿ ಇದ್ದಿದ್ದರೆ ಅದು ಒಂದು ಪಕ್ಷದ ಕೂಗಾಗುತ್ತಿತ್ತು. ತೆನೆ, ಸೂರ್ಯ ಇದ್ದಿದ್ದರೆ ಆಶ್ವಾಸನೆಯಾಗುತ್ತಿತ್ತು. ಎರಡನ್ನೂ ಹಣ ಕೊಟ್ಟ ಸರ್ಕಾರ ಸಂತೋಷದಿಂದ ಒಪ್ಪುತ್ತಿತ್ತು. ಪಿಕಾಸೊ ಸರ್ಕಾರದ ಪರವಾಗಿದ್ದವನೇ; ಅದೇ ವರ್ಷ ಜನವರಿಯಲ್ಲಿ ಫ್ರಾಂಕೊನನ್ನು ಲೇವಡಿ ಮಾಡುವ, ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಅಚ್ಚೊತ್ತುವ ಎಚಿಂಗ್‌ಗಳನ್ನು, ಎರಡು ತಗಡಿನಲ್ಲಿ 18 ಚೌಕಗಳ ಹಾಗೆ, ಶುರುಮಾಡಿದ್ದ. ಆದರೂ ದೊಡ್ಡ ಕ್ಯಾನ್ವಾಸಿನಿಂದ ಕೂಗು, ಆಶ್ವಾಸನೆ ಎರಡನ್ನೂ ಕಿತ್ತುಹಾಕಿದ.

ಈಗ ಎರಡನೇ ಸಲ ದೊಡ್ಡ ಚಿತ್ರಕ್ಕೆ. ಎಲ್ಲಿ ನಿಲ್ಲಬೇಕು ಎಂಬುದಕ್ಕೊಂದು ಲೆಕ್ಕವಿದೆ. ಸುಮಾರು 7.8 ಮೀಟರ್ ಅಗಲದ ಚಿತ್ರ ತಲೆ ಹೊರಳಿಸದೆ ಆರಾಮವಾಗಿ ಕಣ್ಣಿಗೆ ತುಂಬಬೇಕಾದರೆ, ಅಂದರೆ 60 ಡಿಗ್ರಿಯೊಳಗೆ ಬರಬೇಕಾದರೆ, ಹತ್ತಿರ ಹತ್ತಿರ ಏಳು ಮೀಟರ್ ದೂರ ಬೇಕು. ಮೂರು ಮೀಟರಿನಲ್ಲಿ ನಿಂತರೆ ಅದೇ ಚಿತ್ರ 100 ಡಿಗ್ರಿಗೂ ಮೀರಿ ಹರಡುತ್ತದೆ, ಎರಡೂ ತುದಿ ಕಣ್ಣಂಚಿಗೆ ಜಾರುತ್ತವೆ. ಹೆಚ್ಚಿನವರು ಮುಂದಿನ ಸಾಲಿಗೆ ನುಗ್ಗಿ ನಡುಮಧ್ಯ ನಿಲ್ಲುವುದರಿಂದ ಕುದುರೆ ಬಿಟ್ಟು ಏನೂ ಸರಿಯಾಗಿ ಕಾಣುವುದಿಲ್ಲ. ಹಿಂದೆ ನಿಂತು ಇಡೀ ಚಿತ್ರ ನೋಡಿ. ಕೆಳಗೆ ಎರಡೂ ಮೂಲೆಗಳಿಂದ ಎದ್ದು ದೀಪದ ಹತ್ತಿರ ತುದಿಯಾಗುವ ದೊಡ್ಡ ತ್ರಿಕೋನ ಮೊದಲು ಕಾಣಬೇಕು. ಅದು ಕಂಡಮೇಲೆ ಬಲತುದಿಗೆ ಹೋಗಿ ಅಲ್ಲಿಂದ ಎಡಕ್ಕೆ ನಿಧಾನ ನಡೆಯಿರಿ. ಇದಕ್ಕೆ ಕಾರಣವಿದೆ: ಚಿತ್ರದಲ್ಲಿ ಹೆಚ್ಚಿನವರ ಓಟ, ಚಾಚು, ಕೂಗು ಎಲ್ಲ ಎಡದ ಕಡೆಗೇ. ಅವರ ಜೊತೆ ನಡೆದಂತಾಗುತ್ತದೆ.

ಬಲತುದಿಯಲ್ಲಿ ಉರಿಯುವ ಮನೆಯಿಂದ ಎರಡೂ ಕೈ ಎತ್ತಿ ಬೀಳುತ್ತಿರುವ ಹೆಂಗಸು. ಕೆಳಗೆ ಊದಿದ ಕಾಲನ್ನು ಎಳೆದುಕೊಂಡು ಬರುತ್ತಿರುವವಳು. ಆ ಕಾಲಿನ ಭಾರ ಇಡೀ ಚಿತ್ರದಲ್ಲಿ ಮೈಗೆ ತಟ್ಟುವಂಥ ಭಾಗ. ಮೇಲೆ ಕಿಟಕಿಯಿಂದ ತಲೆ, ತೋಳು ಮಾತ್ರ ಹೊರಚಾಚಿ ಎಣ್ಣೆದೀಪ ಹಿಡಿದವಳು. ಅದರ ಪಕ್ಕದಲ್ಲೇ ಹಲ್ಲುಹಲ್ಲು ಬೆಳಕಿನ ಬಲ್ಬ್. ಸ್ಪ್ಯಾನಿಷ್‌ನಲ್ಲಿ ಬಲ್ಬಿಗೆ ಬೊಂಬೀಯ, ಬಾಂಬಿಗೆ ಬೊಂಬ. ಈ ಹತ್ತಿರದ ಸದ್ದನ್ನು ಅನೇಕ ವಿಮರ್ಶಕರು ಗುರುತಿಸಿದ್ದಾರೆ. ನಡುವೆ ಈಟಿ ನಾಟಿದ ಕುದುರೆ. ಅದರ ಮೈತುಂಬ ಅಚ್ಚಿನ ಅಕ್ಷರದ ಸಾಲಿನಂಥ ಚಿಕ್ಕ ಗೀಟುಗಳು, ನಾಲಗೆ ಚೂರಿಯ ಹಾಗೆ. ಕಪ್ಪು, ಬಿಳುಪು, ಬೂದು ಮತ್ತು ಈ ಗೀಟುಗಳು ಸೇರಿ ಚಿತ್ರಕ್ಕೆ ಪತ್ರಿಕೆಯ ಪುಟದ ಮೈ ಬಂದಿದೆ. ಸುದ್ದಿ ಪಿಕಾಸೊನಿಗೆ ತಲುಪಿದ್ದೂ ಹಾಗೆಯೇ. ಕುದುರೆಗೂ ಗೂಳಿಗೂ ನಡುವೆ ಮೇಜಿನ ಮೇಲೆ ಬಾಯ್ದೆರೆದ ಹಕ್ಕಿಯೊಂದಿದೆ. ಕಪ್ಪಿನಲ್ಲಿ ಮುಳುಗಿರುವುದರಿಂದ ಹತ್ತರಲ್ಲಿ ಒಂಬತ್ತು ಜನ ನೋಡದೆ ಹೋಗುತ್ತಾರೆ. ಕೆಳಗೆ ಬಿದ್ದ ಯೋಧನ ಮುರಿದ ಕತ್ತಿ, ಅದನ್ನು ಹಿಡಿದ ಮುಷ್ಟಿಯ ಪಕ್ಕ ತೆಳುವಾದ ಒಂದು ಹೂವು. ಎಡದಲ್ಲಿ ಗೂಳಿಯ ಕೆಳಗೆ ಮಗುವಿನ ಹೆಣ ಹಿಡಿದ ತಾಯಿ. ಮಗುವಿನ ಕಣ್ಣುಗಳಲ್ಲಿ ಕಣ್ಣಪಾಪೆ ಇಲ್ಲ. ಇದೊಂದು ವಿವರ ಹತ್ತಿರ ಹೋದರೆ ಮಾತ್ರ ಕಾಣುತ್ತದೆ.

ಇಷ್ಟರಲ್ಲಿ ಒಂದು ವಿಮಾನವಿಲ್ಲ, ಒಬ್ಬ ಜರ್ಮನ್ ಸೈನಿಕನಿಲ್ಲ, ಗೆರ್ನಿಕಾ ಊರೆಂದು ತೋರಿಸುವ ಒಂದು ಗುರುತಿಲ್ಲ. ಒಳಮನೆಯೋ ಬೀದಿಯೋ ಎಂದೂ ಹೇಳುವಂತಿಲ್ಲ, ಎರಡೂ ಒಂದರೊಳಗೊಂದು ಕಲಸಿಹೋಗಿವೆ. ಬಾಂಬ್ ಬಿದ್ದ ಮನೆಯಲ್ಲಿ ಆಗುವುದೂ ಅದೇ ತಾನೆ: ಗೋಡೆ ಬಿದ್ದಾಗ ಒಳಗು ಹೊರಗಾಗುತ್ತದೆ. ಚೂರುಚೂರಾಗಿ ಒಡೆದು ಜೋಡಿಸುವ ಕ್ಯೂಬಿಸಂ ಶೈಲಿ ಪಿಕಾಸೊನ ಕೈಯಲ್ಲಿ ಮೂವತ್ತು ವರ್ಷ ಗಿಟಾರು, ಬಾಟಲಿ, ಕೂತ ಹೆಂಗಸರ ಮೇಲೆ ಪಳಗಿತ್ತು. ಅದಕ್ಕೆ ಸರಿಯಾದ ವಿಷಯ ಇಲ್ಲಿ ಸಿಕ್ಕಿತು.

ಚಿತ್ರದ ಮೈಯನ್ನೂ ಗಮನಿಸಿ. ಹೊಳಪಿಲ್ಲ, ಒಣಗಿದ ಮೈ. ಕಪ್ಪಿನಲ್ಲೂ ಹಲವು ಬಗೆಗಳಿವೆ, ಬೂದಿನಲ್ಲಿ ಕೆಲವು ನೀಲಿಗೆ ತಿರುಗುತ್ತವೆ. ಕೆಲವು ಕಡೆ ಬಣ್ಣ ಸೋರಿ ಇಳಿದ ಗೆರೆಗಳು ಹಾಗೇ ಇವೆ. 1981ರಲ್ಲಿ ನ್ಯೂಯಾರ್ಕಿನಿಂದ ಸ್ಪೇನಿಗೆ ಬಂದಾಗ ಮ್ಯಾಡ್ರಿಡ್‌ನ ಕಾಸೋನ್ ದೆಲ್ ಬುಯೆನ್ ರೆತೀರೊ ಕಟ್ಟಡದಲ್ಲಿ ಗುಂಡು ತೂರದ ಗಾಜಿನ ಹಿಂದೆ ಇಟ್ಟಿದ್ದರು. 1992ರಲ್ಲಿ ಇಲ್ಲಿಗೆ ತಂದು, 1995ರಲ್ಲಿ ಗಾಜು ತೆಗೆದರು. ಇದು ಮ್ಯೂಸಿಯಂ ಮಾಡಿದ ಅತ್ಯುತ್ತಮ ಕೆಲಸ. ಈಗ ಒಂದು ತಡೆ, ಇಬ್ಬದಿಯಲ್ಲಿ ಕಾವಲು ಸಿಬ್ಬಂದಿ, ಅಷ್ಟೇ. ಕಾವಲು ಬಿಗಿಯಾಗಿರುವುದಕ್ಕೆ ಕಾರಣವಿದೆ: 1974ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ಒಬ್ಬ ಇದರ ಮೇಲೆ ಕೆಂಪು ಬಣ್ಣದ ಸ್ಪ್ರೇ ಹೊಡೆದಿದ್ದ. ಮೇಲಿದ್ದ ವಾರ್ನಿಶ್ ಪದರದಿಂದಾಗಿ ಅದನ್ನು ಕೂಡಲೇ ಒರೆಸಿ ತೆಗೆಯಲು ಸಾಧ್ಯವಾಯಿತು.

ಬೇರೆ ಊರಿಗೆ ಇದನ್ನು ಯಾಕೆ ಕಳಿಸುವುದಿಲ್ಲ ಎಂಬ ಪ್ರಶ್ನೆಗೂ ಉತ್ತರ ಕ್ಯಾನ್ವಾಸಿನಲ್ಲೇ ಇದೆ. 1938ರಲ್ಲಿ ಸ್ಕ್ಯಾಂಡಿನೇವಿಯಾ, ಆಮೇಲೆ ಇಂಗ್ಲೆಂಡ್, 1939ರಲ್ಲಿ ಅಮೆರಿಕ, 1950ರ ದಶಕದಲ್ಲಿ ಬ್ರೆಜಿಲ್ ಮತ್ತು ಯುರೋಪಿನ ಊರೂರು. ಪ್ರತಿ ಸಲವೂ ಚೌಕಟ್ಟಿನಿಂದ ಬಿಚ್ಚಿ, ಚಾಪೆಯಂತೆ ಸುತ್ತಿ, ಮತ್ತೆ ಮೊಳೆ ಹೊಡೆದು ಬಿಗಿಯುವುದು. ಸುತ್ತಿದಾಗ ಬಣ್ಣದ ಪದರ ಬಾಗಲಾರದೆ ಸೀಳುತ್ತದೆ, ಅಂಚಿನ ಬಟ್ಟೆ ಮೊಳೆಯ ತೂತುಗಳಿಂದ ಹರಿಯುತ್ತದೆ. ಹಿಂಬದಿಗೆ ಮೇಣ ಮತ್ತು ರಾಳ ಹಚ್ಚಿ ಗಟ್ಟಿಮಾಡಿದ್ದೂ ಭಾರ ಹೆಚ್ಚಿಸಿತು. ಬಾಸ್ಕ್ ಸೀಮೆಯ ಬಿಲ್ಬಾವೊ ಊರಿನ ಮ್ಯೂಸಿಯಂ ಗುಗೆನ್‌ಹೈಮ್ 1997ರಲ್ಲಿ ತನ್ನ ಉದ್ಘಾಟನೆಗೆ ಕೇಳಿದಾಗಲೂ ಕೊಡದಿದ್ದುದು ಈ ಕಾರಣಕ್ಕೆ. ಬಾಸ್ಕ್ ಜನರ ನೋವು ಅರ್ಥವಾಗುವಂಥದ್ದು. ಆದರೂ ಮ್ಯೂಸಿಯಂ ತೀರ್ಮಾನ ಸರಿ.

ಫೋಟೊ ವಿಷಯ: 2023ರ ಸೆಪ್ಟೆಂಬರ್‌ವರೆಗೆ ಈ ಚಿತ್ರದ ಫೋಟೊ ತೆಗೆಯುವಂತಿರಲಿಲ್ಲ. ಈಗ ತೆಗೆಯಬಹುದು, ಫ್ಲಾಶ್, ಟ್ರೈಪಾಡ್, ಸೆಲ್ಫಿ ಕೋಲು ಇಲ್ಲದೆ. ನಿಷೇಧ ತೆಗೆದದ್ದರಿಂದ ನೋಡುವವರಿಗೆ ನಷ್ಟವೇ ಆಗಿದೆ ಎಂದು ಹೇಳದೆ ವಿಧಿಯಿಲ್ಲ. ಎತ್ತಿ ಹಿಡಿದ ಫೋನುಗಳು ಚಿತ್ರದ ಕೆಳಗಿನ ಒಂದು ಮೀಟರನ್ನು ಮರೆಮಾಡುತ್ತವೆ. ಯೋಧನ ಕೈ, ಹೂವು, ಎಳೆಯುವ ಕಾಲು ಎಲ್ಲವೂ ಇರುವುದು ಅಲ್ಲಿಯೇ.

ಫೋಟೊ ಬೇಕಾದವರಿಗೆ ಮ್ಯೂಸಿಯಂ ತಾನೇ ಅದಕ್ಕಿಂತ ಎಷ್ಟೋ ಒಳ್ಳೆಯದನ್ನು ಪುಕ್ಕಟೆ ಕೊಟ್ಟಿದೆ. ‘ರೆಪೆನ್ಸಾರ್ ಗೆರ್ನಿಕಾ’ ಎಂಬ ಜಾಲತಾಣದಲ್ಲಿ ಇಡೀ ಕ್ಯಾನ್ವಾಸಿನ ಅತಿ ಸೂಕ್ಷ್ಮ ಚಿತ್ರವಿದೆ. ಸಾಮಾನ್ಯ ಬೆಳಕು, ಅತಿನೇರಳೆ, ಅವಕೆಂಪು, ಎಕ್ಸ್-ರೇ ಎಂಬ ನಾಲ್ಕು ಬಗೆಯಲ್ಲಿ ನೋಡಬಹುದು, ಒಂದರ ಪಕ್ಕ ಒಂದಿಟ್ಟು ಹೋಲಿಸಬಹುದು. ಬಣ್ಣದ ಬಿರುಕು, ತೇಪೆ, ಕೆಳಗೆ ಮುಚ್ಚಿಹೋದ ಗೆರೆ ಎಲ್ಲ ಬೆರಳ ತುದಿಗೆ ಬರುತ್ತವೆ. ಪತ್ರಗಳು, ವರದಿಗಳು, ಪ್ರದರ್ಶನಗಳ ದಾಖಲೆಗಳೂ ಅಲ್ಲೇ ಇವೆ. ಹೋಗುವ ಮುನ್ನ ಒಂದು ಸಂಜೆ ಇದರಲ್ಲಿ ಕಳೆಯಿರಿ. ಕುದುರೆಯ ತಲೆಯ ಭಾಗವನ್ನು ಎಕ್ಸ್-ರೇಯಲ್ಲಿ ನೋಡಿ, ಆಮೇಲೆ ಡೋರಾ ಮಾರ್‌ಳ ಫೋಟೊಗಳ ಜೊತೆ ಹೋಲಿಸಿ. ಫೋನಿನ ಪುಟ್ಟ ಪರದೆಗಿಂತ ಕಂಪ್ಯೂಟರಿನಲ್ಲಿ ನೋಡುವುದು ಒಳ್ಳೆಯದು. ಅದು ಕೊಡಲಾರದ್ದು ಒಂದೇ, ಅಳತೆ.

ಮ್ಯೂಸಿಯಂನ ದೊಡ್ಡ ಕೊರತೆ ಅದರ ತಪ್ಪಲ್ಲ: ಪಿಕಾಸೊಗಿಂತ ನೂರು ವರ್ಷಕ್ಕೂ ಹಿಂದಿನ ಸ್ಪೇನಿನ ಚಿತ್ರಕಾರ ಗೋಯಾ ಇಲ್ಲಿಲ್ಲ. ಗೋಯಾ ಇಲ್ಲದೆ ‘ಗೆರ್ನಿಕಾ’ ಅರ್ಧ ಮಾತ್ರ. ಕಾಲು ಗಂಟೆಯೊಳಗೆ ನಡೆದು ಪ್ರಾಡೊ ಮ್ಯೂಸಿಯಂ ಸೇರಬಹುದು. ಅಲ್ಲಿ ನೆಲಮಟ್ಟದ 64ನೇ ಕೊಠಡಿಯಲ್ಲಿ ‘1808ರ ಮೇ 3’ ಇದೆ, 268 ಸೆಂ.ಮೀ. ಎತ್ತರ, 347 ಸೆಂ.ಮೀ. ಅಗಲ, ಬರೆದದ್ದು 1814ರಲ್ಲಿ. ಮತ್ತೆ ಅದೇ ಪ್ರಶ್ನೆ ಕೇಳಿ. ಕೊಲ್ಲುವವರು, ಅಂದರೆ ನೆಪೋಲಿಯನ್ನನ ಸೈನಿಕರು, ಇಲ್ಲಿದ್ದಾರೆ, ಬಂದೂಕು ಹಿಡಿದು ಸಾಲಾಗಿ ನಿಂತಿದ್ದಾರೆ, ಆದರೆ ಮುಖ ನಮಗೆ ಕಾಣುವುದಿಲ್ಲ. ಬೆನ್ನು ಮಾತ್ರ. ಮುಖವಿರುವುದು ಬಿಳಿ ಅಂಗಿ ತೊಟ್ಟು ಕೈ ಚಾಚಿದವನಿಗೆ. ಕೊಲ್ಲುವವನನ್ನು ಯಂತ್ರ ಮಾಡುವ ಕೆಲಸ ಇಲ್ಲೇ ಶುರುವಾಯಿತು. ನೆಲದ ಮೇಲಿನ ಲಾಂದ್ರ ನೋಡಿ: ಕೊಲ್ಲುವುದಕ್ಕೆ ಅನುಕೂಲವಾಗಲೆಂದು ಇಟ್ಟ ಬೆಳಕು ಅದು. ‘ಗೆರ್ನಿಕಾ’ದ ಬಲ್ಬಿನ ಅಜ್ಜ. ಪ್ರಾಡೊದಲ್ಲಿ ಫೋಟೊ ನಿಷಿದ್ಧ, ಹಾಗಾಗಿ ಈ ಕೊಠಡಿಯಲ್ಲಿ ನೆಮ್ಮದಿ ಇದೆ. ಅಲ್ಲೂ ಕೊನೆಯ ಎರಡು ಗಂಟೆ ಉಚಿತ. ಒಂದೇ ದಿನ ಎರಡನ್ನೂ ನೋಡುವವರು ಬೆಳಿಗ್ಗೆ ರೈನಾ ಸೋಫಿಯಾಕ್ಕೆ ಟಿಕೆಟ್ ಕೊಂಡು, ಸಂಜೆ ಪ್ರಾಡೊಗೆ ಉಚಿತ ವೇಳೆಯಲ್ಲಿ ಹೋದರೆ ಖರ್ಚೂ ಉಳಿಯುತ್ತದೆ.

ಗೋಯಾನ ‘ಯುದ್ಧದ ಅನಾಹುತಗಳು’ ಎಚಿಂಗ್ ಮಾಲೆ ಇನ್ನೂ ಕಟು. ಅವನು ಬದುಕಿದ್ದಾಗ ಅದು ಪ್ರಕಟವಾಗಲೇ ಇಲ್ಲ. 1828ರಲ್ಲಿ ಸತ್ತ, 80 ಚಿತ್ರಗಳ ಮೊದಲ ಮುದ್ರಣ ಬಂದದ್ದು 1863ರಲ್ಲಿ. ಕಾಗದದ ಮೇಲಿನ ಕೃತಿಗಳನ್ನು ಬೆಳಕಿನಿಂದ ಕಾಪಾಡಲು ಮ್ಯೂಸಿಯಂಗಳು ಸದಾ ಗೋಡೆಗೆ ಹಾಕುವುದಿಲ್ಲ. ಅದನ್ನೇ ನಂಬಿಕೊಂಡು ಹೋದರೆ ನಿರಾಶೆಯಾಗಬಹುದು.

ಮ್ಯಾಡ್ರಿಡ್‌ನಲ್ಲಿ ಸಿಗದ ಇನ್ನೊಂದು ಕೊಂಡಿ ಮೊದಲ ಮಹಾಯುದ್ಧ. ಅದಕ್ಕೆ ಡ್ರೆಸ್ಡೆನ್‌ನ ಆಲ್ಬರ್ಟಿನಂ ಮ್ಯೂಸಿಯಂ ಒಳ್ಳೆಯದು. ಅಲ್ಲಿ ಜರ್ಮನಿಯ ಕಲಾವಿದ ಒಟ್ಟೊ ಡಿಕ್ಸ್ 1929ರಿಂದ 1932ರವರೆಗೆ ಬರೆದ ‘ಯುದ್ಧ’ ಇದೆ: ನಡುಫಲಕ 204 ಸೆಂ.ಮೀ. ಚೌಕ, ಇಬ್ಬದಿಗೆ ಅದರ ಅರ್ಧ ಅಗಲದ ಫಲಕಗಳು, ಕೆಳಗೆ ಪೀಠದಂತೆ ಅಡ್ಡ ಫಲಕ. ಚರ್ಚಿನ ಪೂಜಾಫಲಕದ ರೂಪವನ್ನೇ ತೆಗೆದುಕೊಂಡು, ಕ್ರಿಸ್ತನಿರಬೇಕಾದ ಜಾಗದಲ್ಲಿ ಕಂದಕ ಮತ್ತು ಕೊಳೆತ ಹೆಣಗಳನ್ನು ಇಟ್ಟಿದ್ದಾನೆ. ಡಿಕ್ಸ್ ಸ್ವತಃ ಮಷಿನ್‌ಗನ್ ಹಿಡಿದು ಹೋರಾಡಿದವನು. ಅವನ ಚಿತ್ರದಲ್ಲಿ ಶತ್ರು ಯಾರೆಂದು ಹೇಳಲಾಗದು, ಎಲ್ಲರೂ ಒಂದೇ ಕೆಸರಿನ ಬಣ್ಣ. ಅವನ 1924ರ 50 ಎಚಿಂಗ್‌ಗಳ ಸಂಪುಟದಲ್ಲಿ ತಂತ್ರವೇ ವಿಷಯವಾಗಿದೆ. ಲೋಹದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ ಅಂಟಿಸಿ, ಆಮ್ಲದಲ್ಲಿ ಅದ್ದಿದರೆ ಪುಡಿಯ ಕಣಗಳ ನಡುವೆ ಮಾತ್ರ ಲೋಹ ಕರಗಿ ಬೂದುಬಣ್ಣದ ಮೈ ಸಿಗುತ್ತದೆ. ಹೊತ್ತು ಮೀರಿದರೆ ಆಮ್ಲ ಕಣಗಳ ಅಡಿಗೂ ನುಗ್ಗಿ ಲೋಹವನ್ನು ತಿಂದುಹಾಕುತ್ತದೆ. ಬೇರೆಯವರ ಕೈಯಲ್ಲಿ ಅದು ಕೆಟ್ಟ ತಗಡು. ಡಿಕ್ಸ್ ಬೇಕೆಂದೇ ಹಾಗೆ ತಿನ್ನಿಸಿದ, ಮುಖ ಕೊಳೆತದ್ದೂ ತಗಡು ಕೊಳೆತದ್ದೂ ಒಂದೇ ಆಗುವ ಹಾಗೆ.

ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನ ಕಲಾವಿದ ಜಾನ್ ಸಿಂಗರ್ ಸಾರ್ಜೆಂಟ್ ಬರೆದ ಚಿತ್ರ ‘ಗ್ಯಾಸ್ಡ್’ 1919ರದು, ಆರು ಮೀಟರಿಗೂ ಮಿಕ್ಕ ಅಗಲ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಸೈನಿಕರು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ನಡೆಯುವ ಸಾಲು. ಇಲ್ಲಿ ಕೊಲ್ಲುವವನು ವಿಷದ ಗಾಳಿ. ಶೈಲಿ ಹಳೆಯದೇ, ಗಾಂಭೀರ್ಯ ಹೆಚ್ಚೇ ಆಯಿತು ಎನ್ನಿಸುತ್ತದೆ. ಆದರೂ ಅಳತೆಯಿಂದಾಗಿ ನಿಂತು ನೋಡಬೇಕು.

ಜಪಾನಿನ ಸೈತಾಮಾ ಪ್ರಾಂತದಲ್ಲಿರುವ ಮರುಕಿ ಗ್ಯಾಲರಿಯನ್ನು ನಾವು ‘ಗೆರ್ನಿಕಾ’ದ ಪಕ್ಕದಲ್ಲೇ ಇಡುತ್ತೇವೆ. ಇರಿ ಮರುಕಿ, ತೋಶಿ ಮರುಕಿ ದಂಪತಿ ಬಾಂಬ್ ಬಿದ್ದ ಕೆಲವೇ ದಿನಗಳಲ್ಲಿ ಹಿರೋಶಿಮಾಕ್ಕೆ ಹೋದವರು. 1950ರಿಂದ 1982ರವರೆಗೆ 1.8 ಮೀಟರ್ ಎತ್ತರ, 7.2 ಮೀಟರ್ ಅಗಲದ 15 ಮಡಿಕೆ ಫಲಕಗಳನ್ನು ಬರೆದರು; 14 ಅಲ್ಲಿವೆ, ಒಂದು ನಾಗಾಸಾಕಿಯಲ್ಲಿ. ತೋಶಿ ಮನುಷ್ಯರ ಮೈಯನ್ನು ಗೆರೆಗೆರೆಯಾಗಿ ಬರೆದರೆ ಇರಿ ಅದರ ಮೇಲೆ ಶಾಯಿ ಹರಿಸುತ್ತಿದ್ದ, ಅವಳು ಮತ್ತೆ ಗೆರೆ ಎತ್ತುತ್ತಿದ್ದಳು. ಕೊಲ್ಲುವವನು ಎಲ್ಲಿ ಎಂಬ ಪ್ರಶ್ನೆಗೆ ಇವರು ಕೊಟ್ಟ ಉತ್ತರ ಬೇರೆ ಯಾರೂ ಕೊಟ್ಟಿಲ್ಲ. 1970ರ ದಶಕದ ಆರಂಭದ ಫಲಕಗಳಲ್ಲಿ ಹಿರೋಶಿಮಾದ ಜನರ ಕೈಯಲ್ಲಿ ಸತ್ತ ಅಮೆರಿಕದ ಯುದ್ಧಕೈದಿಗಳೂ, ಯಾರೂ ಎತ್ತದೆ ಕಾಗೆಗಳಿಗೆ ಬಿಟ್ಟ ಕೊರಿಯನ್ನರ ಹೆಣಗಳೂ ಬಂದವು. ಸಂತ್ರಸ್ತರೊಳಗೇ ಕೊಲ್ಲುವವನನ್ನು ಹುಡುಕುವ ಧೈರ್ಯ ಅದು. ಗ್ಯಾಲರಿ ಚಿಕ್ಕದು, ಊರಾಚೆ ಇದೆ. ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೊರಡಬೇಕು.

ಪಿಕಾಸೊ ತಾನೇ 1951ರಲ್ಲಿ ‘ಕೊರಿಯಾದ ಹತ್ಯಾಕಾಂಡ’ ಬರೆದಾಗ ಕೊಲ್ಲುವವರನ್ನು ಮತ್ತೆ ಚೌಕಟ್ಟಿನೊಳಗೆ ತಂದ. ಎಡಕ್ಕೆ ಬೆತ್ತಲೆ ಹೆಂಗಸರು, ಮಕ್ಕಳು, ಬಲಕ್ಕೆ ಕಬ್ಬಿಣದ ಮೈಯ ಸೈನಿಕರು, ಗೋಯಾನ ಜೋಡಣೆಯೇ. ಪ್ಯಾರಿಸ್ಸಿನ ಪಿಕಾಸೊ ಮ್ಯೂಸಿಯಂನಲ್ಲಿದೆ. ‘ಗೆರ್ನಿಕಾ’ದಿಂದ ಅಳಿಸಿಹೋದ ಮುಷ್ಟಿ ಇಲ್ಲಿ ಬೇರೆ ವೇಷದಲ್ಲಿ ಮರಳಿತು, ಚಿತ್ರ ಪೋಸ್ಟರಾಯಿತು.

ಪೋಸ್ಟರು ಎಂದಾಗ, ‘ಗೆರ್ನಿಕಾ’ದ ಮುದ್ರಿತ ಪ್ರತಿ ಕೊಳ್ಳುವವರಿಗೆ ಎರಡು ಮಾತು. ಅಗಲ 90 ಸೆಂ.ಮೀ. ಇದ್ದರೆ ಎತ್ತರ 40.5 ಸೆಂ.ಮೀ. ಇರಬೇಕು. ಅದಕ್ಕಿಂತ ಹೆಚ್ಚು ಎತ್ತರವಿದ್ದು ಬಿಳಿ ಅಂಚಿಲ್ಲದಿದ್ದರೆ ಎಡಬಲಗಳನ್ನು ಕತ್ತರಿಸಿದ್ದಾರೆಂದು ತಿಳಿಯಿರಿ. ಹೊಳೆಯುವ ಕಾಗದ ಬೇಡ, ಮ್ಯಾಟ್ ಕಾಗದ ಆರಿಸಿ. ಹೊಳಪಿನಲ್ಲಿ ಕಪ್ಪುಗಳೆಲ್ಲ ಒಂದೇ ಆಗಿ ಮೇಜಿನ ಮೇಲಿನ ಹಕ್ಕಿ ಪೂರ್ತಿ ಮುಳುಗಿಹೋಗುತ್ತದೆ. ಅಂಚು ಕತ್ತರಿಸಿದ ಪ್ರತಿಗಳಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಬಲತುದಿಯ ಕಿರಿದಾದ ಪಟ್ಟಿ. ಮೂಲದಲ್ಲಿ ಅಲ್ಲೊಂದು ಬಾಗಿಲಿದೆ, ಸ್ವಲ್ಪ ತೆರೆದಿದೆ.